ಗ್ಲೋ ಎಂಜಿನ್ ಟ್ಯೂನ್ ಮಾಡುವುದು ಹೇಗೆ?

ಗ್ಲೋ ಎಂಜಿನ್ ಅಂದರೆ ಹವ್ಯಾಸಕ್ಕೆ ಹಾರಿಸುವ ಮಾದರಿ ವಿಮಾನಗಳಲ್ಲಿ ಇರುವ, ಮೆಥನಾಲ್ ಇಂಧನದಿಂದ ಓಡುವ ಪುಟ್ಟ ಎಂಜಿನ್. ನೆಲದ ಮೇಲೆ ಅದು ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ವಿಮಾನ ಮೇಲೇರಿ ಮೂತಿ ಎತ್ತುತ್ತಿದ್ದಂತೆ ಸದ್ದು ನಿಂತುಹೋಗುತ್ತದೆ. ಹೊಸಬರು ಇದೇ ತೊಂದರೆಗೆ ಸಿಕ್ಕಿಬೀಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬಹುತೇಕ ಸಲ ಎಂಜಿನ್ ಸರಿಯಾಗಿಯೇ ಇರುತ್ತದೆ. ನೀಡಲನ್ನು, ಅಂದರೆ ಎಂಜಿನ್‌ಗೆ ಹೋಗುವ ಇಂಧನ ಹೆಚ್ಚುಕಡಿಮೆ ಮಾಡುವ ತಿರುಪನ್ನು, ಅತಿಯಾಗಿ ಬಿಗಿ ಮಾಡಿರುತ್ತಾರೆ, ಅಷ್ಟೆ.

1. ಮೊದಲು ಪ್ಲಗ್, ಇಂಧನ, ಪೈಪು. ನೀಡಲ್ ಮುಟ್ಟುವ ಮೊದಲು ಈ ಮೂರನ್ನು ನೋಡಿ. ಇಂಧನ ಹೊತ್ತಿಸುವ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ 1.5 ವೋಲ್ಟ್ ಕೊಟ್ಟರೆ ಒಳಗಿನ ಸುರುಳಿ ಪೂರ್ತಿ ಕೆಂಡದ ಬಣ್ಣಕ್ಕೆ ಬರಬೇಕು. ಅರ್ಧ ಮಾತ್ರ ಹೊಳೆದರೆ ಬಿಸಾಕಿ. ಆ ಸುರುಳಿಯಲ್ಲಿ ಪ್ಲಾಟಿನಂ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಕೆಂಪಾಗಿ ಉಳಿಯುವುದು ಸಿಲಿಂಡರ್‌ ಒಳಗಿನ ಶಾಖದಿಂದ ಮತ್ತು ಮೆಥನಾಲ್ ಜೊತೆ ಪ್ಲಾಟಿನಂ ನಡೆಸುವ ರಾಸಾಯನಿಕ ಕ್ರಿಯೆಯಿಂದ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಮುಚ್ಚಳ ಸಡಿಲವಾಗಿ ತಿಂಗಳುಗಟ್ಟಲೆ ಬಿದ್ದಿದ್ದ ಡಬ್ಬಿಯನ್ನು ನಂಬಬೇಡಿ. ಶಕ್ತಿ ಹೆಚ್ಚಿಸಲು ಬೆರೆಸುವ ನೈಟ್ರೋಮೀಥೇನ್ ಜಾಸ್ತಿ ಇರುವ ಇಂಧನ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಮಾತೂ ಬೇಡ. ಸಾಮಾನ್ಯ ಹಾರಾಟಕ್ಕೆ ಶೇ 5ರಿಂದ 15 ಧಾರಾಳ. ಇಂಧನದಲ್ಲಿ ಬೆರೆತಿರುವ ಎಣ್ಣೆಯಲ್ಲಿ ಸ್ವಲ್ಪವಾದರೂ ಹರಳೆಣ್ಣೆ ಇರಲಿ. ಎಂಜಿನ್ ಅತಿಯಾಗಿ ಬಿಸಿಯಾದಾಗ ಕಾಪಾಡುವುದು ಅದೇ.

2. ಸ್ಟಾರ್ಟ್ ಮಾಡಿ. ಮುಖ್ಯ ನೀಡಲನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡೂವರೆ ಸುತ್ತು ತೆರೆಯಿರಿ. ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದನ್ನೇ ಪಾಲಿಸಿ. ವಿಮಾನವನ್ನು ಗಟ್ಟಿಯಾಗಿ ಹಿಡಿಯಲು ಒಬ್ಬರಿರಲಿ. ಬೆರಳಿನಿಂದ ಪ್ರೊಪೆಲ್ಲರ್ ತಿರುಗಿಸಲೇಬೇಡಿ, ಕೋಲು ಅಥವಾ ಸ್ಟಾರ್ಟರ್ ಬಳಸಿ. ಎಂಜಿನ್ ಶುರುವಾದ ಕೂಡಲೇ ಪ್ರೊಪೆಲ್ಲರ್ ಹಿಂದಕ್ಕೆ ಬನ್ನಿ. ನೀಡಲ್ ತಿರುಗಿಸುವುದೇನಿದ್ದರೂ ಹಿಂದಿನಿಂದಲೇ. ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಅದೂ ನೆನಪಿರಲಿ.

3. ಮುಖ್ಯ ನೀಡಲ್. ಇಲ್ಲಿ ಅವಸರ ಬೇಡ. ಎಂಜಿನ್ ಒಂದು ನಿಮಿಷ ಓಡಿ ಬಿಸಿಯಾಗಲಿ. ಪ್ಲಗ್‌ನಿಂದ ಬ್ಯಾಟರಿ ತೆಗೆಯಿರಿ. ಬ್ಯಾಟರಿ ಸಿಕ್ಕಿಸಿಕೊಂಡೇ ಟ್ಯೂನ್ ಮಾಡಿದರೆ ಅದು ಸುಳ್ಳು ಟ್ಯೂನಿಂಗ್. ಈಗ ಥ್ರಾಟಲ್ ಪೂರ್ತಿ ತೆರೆಯಿರಿ. ಸೈಲೆನ್ಸರ್‌ನಿಂದ ದಟ್ಟ ಹೊಗೆ, ಗುರುಗುಟ್ಟುವ ಸದ್ದು ಬಂದರೆ ಮಿಶ್ರಣ ರಿಚ್, ಅಂದರೆ ಇಂಧನ ಜಾಸ್ತಿ. ನೀಡಲನ್ನು ಒಂದೊಂದೇ ಕ್ಲಿಕ್ ಬಿಗಿ ಮಾಡಿ. ಪ್ರತಿ ಕ್ಲಿಕ್ ಆದ ಮೇಲೆ ಕೆಲವು ಸೆಕೆಂಡು ಕಾಯಿರಿ, ಎಂಜಿನ್‌ಗೆ ಬದಲಾವಣೆ ತಲುಪಲು ಅಷ್ಟು ಹೊತ್ತು ಬೇಕು. ವೇಗ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಇನ್ನೂ ಬಿಗಿ ಮಾಡಿದರೆ ಸದ್ದು ಕೀರಲಾಗಿ, ವೇಗ ಇಳಿಯತೊಡಗುತ್ತದೆ. ಅದು ಲೀನ್. ಇಂಧನ ಕಡಿಮೆಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ ಅಲ್ವಾ? ಪಿಸ್ಟನ್ ಸವೆಯುವುದು ಆಗಲೇ.

ಅತಿ ಹೆಚ್ಚು ವೇಗ ಸಿಕ್ಕ ಜಾಗದಿಂದ ನೀಡಲನ್ನು ಮತ್ತೆ ಸಡಿಲಿಸಿ, 200ರಿಂದ 400 ಆರ್‌ಪಿಎಂ ಬೀಳುವಷ್ಟು. ಇಷ್ಟು ಶಕ್ತಿ ಯಾಕೆ ಬಿಟ್ಟುಕೊಡಬೇಕು ಅಂತ ಕೇಳುತ್ತಾರೆ. ಹಾರುವಾಗ ಪ್ರೊಪೆಲ್ಲರ್ ಮೇಲಿನ ಹೊರೆ ಇಳಿದು ಎಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಮೂತಿ ಮೇಲೆತ್ತಿದರೆ ಟ್ಯಾಂಕ್ ಕೆಳಗುಳಿದು ಇಂಧನ ಮೇಲಕ್ಕೆ ಹತ್ತಬೇಕು. ನೆಲದ ಮೇಲೆ ಬಿಟ್ಟುಕೊಟ್ಟ ವೇಗ ಇದಕ್ಕಾಗಿಯೇ.

ಸರಿಯಾಗಿದೆಯೇ ಅಂತ ಎರಡು ರೀತಿ ನೋಡಬಹುದು. ಇಂಧನದ ಪೈಪನ್ನು ಅರೆಕ್ಷಣ ಹಿಸುಕಿ ಬಿಡಿ. ವೇಗ ತುಸು ಏರಿ ಮತ್ತೆ ಮೊದಲಿನಂತಾದರೆ ಚೆನ್ನ. ಏರದೆ ನೇರ ಕುಸಿದರೆ ಲೀನ್. ಆಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹತ್ತು ಸೆಕೆಂಡು ಹಿಡಿಯಿರಿ. ಸದ್ದು ಹಾಗೇ ಇರಬೇಕು ಅಥವಾ ಕೊಂಚ ಏರಬೇಕು. ಕುಗ್ಗಿದರೆ ಎರಡು ಕ್ಲಿಕ್ ಸಡಿಲಿಸಿ, ಮತ್ತೆ ಎತ್ತಿ. ಈ ಪರೀಕ್ಷೆ ಮಾಡದೆ ಯಾವ ವಿಮಾನವನ್ನೂ ಹಾರಿಸಬೇಡಿ.

4. ಐಡಲ್, ಅಂದರೆ ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ. ಮುಖ್ಯ ನೀಡಲ್ ಮುಗಿದ ಮೇಲಷ್ಟೇ ಇದಕ್ಕೆ ಬನ್ನಿ. ಥ್ರಾಟಲ್ ಇಳಿಸಿ ಅರ್ಧ ನಿಮಿಷ ಬಿಟ್ಟು, ಒಮ್ಮೆಲೇ ತೆರೆಯಿರಿ. ಹೊಗೆ ಉಗುಳುತ್ತಾ ತಡವರಿಸಿದರೆ ರಿಚ್. ಥಟ್ಟನೆ ನಿಂತರೆ ಲೀನ್. ಐಡಲ್ ಹೊಂದಿಸುವ ಸಣ್ಣ ಸ್ಕ್ರೂವನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಎರಡು ನೀಡಲ್‌ಗಳ ಕಾರ್ಬ್ಯುರೇಟರ್‌ನಲ್ಲಿ ಬಿಗಿ ಮಾಡಿದರೆ ಲೀನ್. ಮುಂಭಾಗದಲ್ಲಿ ಗಾಳಿಯ ಸಣ್ಣ ತೂತಿರುವ ಕಾರ್ಬ್ಯುರೇಟರ್‌ನಲ್ಲಿ ಉಲ್ಟಾ: ಬಿಗಿ ಮಾಡಿದರೆ ಗಾಳಿ ಕಡಿಮೆಯಾಗಿ ರಿಚ್ ಆಗುತ್ತದೆ. ನಿಮ್ಮದು ಯಾವುದು ಅಂತ ಮೊದಲೇ ನೋಡಿಕೊಳ್ಳಿ.

5. ಟ್ಯೂನಿಂಗ್ ನಿಲ್ಲುತ್ತಲೇ ಇಲ್ಲವೇ? ಈಗ ಸರಿ ಇದ್ದದ್ದು ಮರುಗಳಿಗೆ ಕೆಟ್ಟರೆ ನೀಡಲ್ ಬಿಟ್ಟುಬಿಡಿ. ಎಲ್ಲೋ ಗಾಳಿ ಸೇರುತ್ತಿದೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು, ಟ್ಯಾಂಕ್ ಒಳಗಿನ ಪೈಪಿನ ಸೀಳು, ಕಾರ್ಬ್ಯುರೇಟರ್ ಬುಡದ ರಬ್ಬರ್ ರಿಂಗ್, ಎಂಜಿನ್ ಹಿಂದಿನ ಮುಚ್ಚಳದ ಸ್ಕ್ರೂ, ಹೀಗೆ ಒಂದೊಂದಾಗಿ ನೋಡಿ. ಪೈಪಿನಲ್ಲಿ ಗುಳ್ಳೆ ಕಂಡರೆ ಟ್ಯಾಂಕ್ ಅದುರಿ ಇಂಧನ ನೊರೆಯಾಗುತ್ತಿರಲೂಬಹುದು. ಟ್ಯಾಂಕ್ ಸುತ್ತ ಮೆತ್ತನೆ ಸ್ಪಂಜ್ ಸುತ್ತಿ. ಅದರ ನಡುಮಟ್ಟ ಕಾರ್ಬ್ಯುರೇಟರ್ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಲಿ. ಅಗ್ಗದ ಪೈಪು ಕೊಳ್ಳಬೇಡಿ. ಮೆಥನಾಲ್‌ಗೆ ಒಳ್ಳೆಯ ಸಿಲಿಕೋನ್ ಪೈಪೇ ಆಗಬೇಕು. ಅದೇ ಪೈಪಿಗೆ ಪೆಟ್ರೋಲ್ ಹಾಕಿದರೆ ಊದಿಕೊಂಡು ಹಾಳಾಗುತ್ತದೆ.

6. ದಿನದ ಕೊನೆಗೆ. ಪೈಪು ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇಂಧನ ಒಳಗೇ ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಕಾರ್ಬ್ಯುರೇಟರ್‌ಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಪ್ರೊಪೆಲ್ಲರ್ ಕೈಯಿಂದ ತಿರುಗಿಸಿ. ಬ್ಯಾಟರಿ ತೆಗೆದಿರಲಿ. ಹರಳೆಣ್ಣೆ ಗಟ್ಟಿಯಾಗಿ ಎಂಜಿನ್ ಬಿಗಿದುಕೊಂಡಿದ್ದರೆ ಬಲ ಹಾಕಬೇಡಿ. ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿದರೆ ಅದೇ ಬಿಟ್ಟುಕೊಳ್ಳುತ್ತದೆ.