ಅರ್ಥದ ಹೊತ್ತಿಗೆ ಚೆಂಡೆ ಸುಮ್ಮನಿರುತ್ತದೆ

ನಾನು ಹಿನ್ನೆಲೆ ಸಂಗೀತ ಮಾಡಿದ ಮೊದಲ ಚಿತ್ರ ಮಲ್ಪೆಯ ಮೀನುಗಾರರ ಕುರಿತ 22 ನಿಮಿಷದ ಸಾಕ್ಷ್ಯಚಿತ್ರ. ಒಂದು ಕ್ಷಣವನ್ನೂ ಖಾಲಿ ಬಿಡದೆ ತುಂಬಿದ್ದೆ. ಕೊಳಲು, ಹಾರ್ಮೋನಿಯಂ, ಚೆಂಡೆ, ಕೀಬೋರ್ಡಿನ ಪಿಟೀಲು ಎಲ್ಲವೂ ಇದ್ದವು. ಸಂಕಲನದ ಮೇಜಿನ ಮುಂದೆ ಕುಳಿತು ನೋಡುವಾಗ ಒಂದು ದೃಶ್ಯ ಬಂತು. ಹಿರಿಯ ಮಹಿಳೆಯೊಬ್ಬರು ಅಂಜಲ್ ಮೀನು ಕೊಯ್ಯುತ್ತ, ಕಡಲಿಗೆ ಹೋಗಿ ಮರಳದ ಮಗನ ಬಗ್ಗೆ ಹೇಳುತ್ತಾರೆ. ನಿರ್ದೇಶಕರು ಏನೂ ಹೇಳದೆ ನನ್ನ ಸಂಗೀತವನ್ನು ಪೂರ್ತಿ ನಿಲ್ಲಿಸಿದರು. ಕತ್ತಿ ಮರದ ಕೊರಡಿಗೆ ತಾಗುವ ಸದ್ದು ಕೇಳಿಸಿತು. ಆಮೇಲೆ ಆ ತಾಯಿಯ ಉಸಿರು, ದೂರದಲ್ಲಿ ಒಂದು ಬೋಟಿನ ಎಂಜಿನ್. ನನ್ನ ಗಂಟಲು ಕಟ್ಟಿತು. ಇಷ್ಟು ದಿನ ಇದನ್ನೆಲ್ಲ ನಾನೇ ಮುಚ್ಚಿಟ್ಟಿದ್ದೆ.

ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡುತ್ತ ಬೆಳೆದವನು ನಾನು, ಹತ್ತು ವರ್ಷ ಮದ್ದಳೆ ಕಲಿತವನು. ಹಾಡುವ ಭಾಗವತರು ಪದ್ಯ ಮುಗಿಸಿ, ವೇಷಧಾರಿ ಅರ್ಥ ಹೇಳಲು, ಅಂದರೆ ಆ ಪದ್ಯವನ್ನು ಮಾತಿನಲ್ಲಿ ಬಿಡಿಸಲು ತೊಡಗಿದ ಕೂಡಲೇ ಹಿಮ್ಮೇಳದ ವಾದ್ಯಗಳು ಕೈ ಕಟ್ಟುತ್ತವೆ. ಶ್ರುತಿಯೊಂದು ಉಳಿಯುತ್ತದೆ, ಅಷ್ಟೇ. ಅರ್ಥಗಾರಿಕೆ ಎಷ್ಟು ಹೊತ್ತು ನಡೆದರೂ ಚೆಂಡೆಯವರು ಕೋಲು ಮಡಿಲಲ್ಲಿಟ್ಟು ಕುಳಿತಿರುತ್ತಾರೆ, ಆದರೆ ಅವರ ಕಿವಿ ಮಾತಿನಲ್ಲೇ ಇರುತ್ತದೆ. ಮತ್ತೆ ಪದ್ಯ ಎತ್ತಿದಾಗ ಬೀಳುವ ಮೊದಲ ಪೆಟ್ಟಿಗೆ ಅಷ್ಟು ಬಲ ಬರುವುದು ಆ ಕಾಯುವಿಕೆಯಿಂದ. ರಂಗಸ್ಥಳದಲ್ಲಿ ಕಲಿತದ್ದನ್ನು ಕಂಪ್ಯೂಟರಿನ ಮುಂದೆ ಕುಳಿತಾಗ ಮರೆತುಬಿಟ್ಟಿದ್ದೆ.

ಅಂದಿನಿಂದ ಯಾವ ಚಿತ್ರ ಬಂದರೂ ಮೊದಲ ಸಲ ವಾದ್ಯ ಮುಟ್ಟದೆ ನೋಡುತ್ತೇನೆ. ಎಲ್ಲಿ ಸಂಗೀತ ಬೇಡ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಮಾತು ಇರುವಲ್ಲಿ ಯಾವ ವಾದ್ಯ ಎಂಬುದೂ ಮುಖ್ಯ. ಮಾತಿನ ಸ್ಪಷ್ಟತೆ ಹೆಚ್ಚಾಗಿ ನಿಂತಿರುವುದು ಒಂದರಿಂದ ನಾಲ್ಕು ಕಿಲೋಹರ್ಟ್ಸ್ ನಡುವೆ. ಚೆಂಡೆಯ ಚುರುಕು ಪೆಟ್ಟು ಸರಿಯಾಗಿ ಅಲ್ಲಿಗೇ ಬಂದು ವ್ಯಂಜನಗಳನ್ನು ನುಂಗುತ್ತದೆ. ಮದ್ದಳೆಯ ಎಡಗೈ ನಾದ ಕೆಳಗಿರುತ್ತದೆ, ಮಾತಿನ ಅಡಿಯಲ್ಲಿ ಹರಿದು ಹೋಗುತ್ತದೆ. ಹಾಗಾಗಿ ಮಾತಿನ ದೃಶ್ಯಕ್ಕೆ ಮದ್ದಳೆ, ಮಾತು ಮುಗಿದಲ್ಲಿ ಚೆಂಡೆ.

ಲೆಕ್ಕವೂ ಇದೆ. ಬಂದರಿನಿಂದ ಬೋಟುಗಳು ಹೊರಡುವ ದೃಶ್ಯವೊಂದು ಸರಿಯಾಗಿ 41 ಸೆಕೆಂಡ್ ಇತ್ತು. ನನಗೆ ಅಲ್ಲಿ ತ್ರಿವುಡೆ ತಾಳವೇ ಬೇಕು, ಏಳು ಅಕ್ಷರದ, ಅಂದರೆ ಏಳು ಎಣಿಕೆಯ ಆ ತೂಗಾಟ ಅಲೆಗೆ ಹೊಂದುತ್ತದೆ. ನಿಮಿಷಕ್ಕೆ 120 ಅಕ್ಷರದ ವೇಗದಲ್ಲಿ ತಾಳದ 12 ಸುತ್ತು, ಅಂದರೆ 12 ಆವರ್ತ ಹಾಕಿದರೆ 42 ಸೆಕೆಂಡ್ ಆಗುತ್ತದೆ. ಒಂದು ಸೆಕೆಂಡ್ ಎಂದರೆ ಪರದೆಯ ಮೇಲೆ 24 ಫ್ರೇಮು, ಅಷ್ಟು ಹೊತ್ತಿಗೆ ದೃಶ್ಯ ಬದಲಾಗಿರುತ್ತದೆ. ಕೊನೆಯ ಆವರ್ತವನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ವೇಗವನ್ನು 123ಕ್ಕೆ ಏರಿಸಿದೆ. ಮುಕ್ತಾಯದ ಪೆಟ್ಟು ಕೊನೆಯ ಬೋಟು ನದಿ ಕಡಲು ಸೇರುವ ಅಳಿವೆ ದಾಟುವಲ್ಲಿಗೆ ಬಂದು ಕೂತಿತು. ಕಿವಿಗೆ ಆ ಮೂರು ಅಕ್ಷರದ ವ್ಯತ್ಯಾಸ ತಿಳಿಯುವುದೇ ಇಲ್ಲ.

ಹೊಟ್ಟೆಪಾಡಿನ ವಿಷಯಕ್ಕೆ ಬರುತ್ತೇನೆ. ಮೊದಲ ನಾಲ್ಕು ವರ್ಷ ಮಕ್ಕಳಿಗೆ ಕೀಬೋರ್ಡ್ ಪಾಠ, ಅಂಗಡಿಗಳ ಜಾಹೀರಾತು, ಕಾಲೇಜುಗಳ ಕಿರುಚಿತ್ರ. ಆಮೇಲೆ ಒಂದೊಂದಾಗಿ ತುಳು ಚಿತ್ರಗಳು. 1971ರಲ್ಲಿ ಮೊದಲ ತುಳು ಚಿತ್ರ ಬಂದ ನಾಡಿನಲ್ಲಿ ಕೆಲಸಕ್ಕೆ ಬರವಿಲ್ಲ, ಬಜೆಟ್ಟಿಗೆ ಮಾತ್ರ ಬರ. ಬೆಂಗಳೂರಿಗೆ ಹೋಗು ಎಂದವರು ಬಹಳ. ನಾನು ಹೋಗಲಿಲ್ಲ, ಏಕೆಂದರೆ ನನ್ನ ವಾದಕರು ಇಲ್ಲಿದ್ದಾರೆ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಕಾಗದದಲ್ಲಿ. ಒಂದು ಜಾಹೀರಾತಿಗೆ 20 ಸೆಕೆಂಡಿನ ರಾಗ ಮಾಡಿಕೊಟ್ಟು 3,000 ರೂಪಾಯಿ ಪಡೆದಿದ್ದೆ. ಎಲ್ಲವೂ ಬಾಯಿಮಾತು. ಎರಡು ವರ್ಷದ ಬಳಿಕ ಮಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬೇರೊಂದು ಸಾಮಾನಿನ ಪ್ರಚಾರಕ್ಕೆ ಅದೇ ರಾಗ ಕೇಳಿಸಿತು. ಫೋನ್ ಮಾಡಿದರೆ, ‘ಹಣ ಕೊಟ್ಟಾಗಿದೆಯಲ್ಲ’ ಎಂಬ ಉತ್ತರ. ನನ್ನ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರವೇ ಪರಿಚಯದ ವಕೀಲರ ಬಳಿ ಕುಳಿತು ಕೃತಿಸ್ವಾಮ್ಯ ಕಾಯ್ದೆಯನ್ನು ಓದಿದೆ.

ಹಕ್ಕು ವರ್ಗಾವಣೆ ಬರಹದಲ್ಲಿ ಇರಲೇಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಗಣಿಸುತ್ತದೆ. 2012ರ ತಿದ್ದುಪಡಿಯ ಬಳಿಕ, ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೆ ಕೇಳಿಸುವುದನ್ನು ಬಿಟ್ಟು, ಉಳಿದ ಬಳಕೆಗಳ ರಾಯಧನದಲ್ಲಿ ಸಂಯೋಜಕನಿಗೆ ಸಮಪಾಲು ಉಂಟು. ಆ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಇಂದು ನನ್ನ ಒಪ್ಪಂದ ಒಂದೂವರೆ ಪುಟ, ಕನ್ನಡದಲ್ಲೇ ಇದೆ. ಚಿತ್ರದ ಜೊತೆ ಒಂದು ಪಟ್ಟಿಯನ್ನೂ ಕೊಡುತ್ತೇನೆ: ಯಾವ ತುಣುಕು, ಎಷ್ಟು ಸೆಕೆಂಡ್, ಯಾರ ರಚನೆ. ನುಡಿಸಿದವರ ಹೆಸರನ್ನು ನಾನೇ ಸೇರಿಸುತ್ತೇನೆ. ಮದ್ದಳೆಯವರ ಹೆಸರು ಪರದೆಯ ಮೇಲೆ ಬರದಿದ್ದರೆ ನನಗೆ ಸಮಾಧಾನವಿಲ್ಲ.

ಧ್ವನಿಮುದ್ರಣದ ಕಷ್ಟ ಬೇರೆಯೇ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ವಾದಕರು ಬಿಡುವಾಗುತ್ತಾರೆ. ಆದರೆ ಅದರ ಬೆನ್ನಿಗೇ ಮಳೆ. ನನ್ನ ಕೋಣೆಗೆ ಹಂಚಿನ ಮಾಡು. ಅದರಡಿಯಲ್ಲಿ ಇನ್ನೊಂದು ಹಲಗೆಯ ಮುಚ್ಚಿಗೆ ಹಾಕಿಸಿ, ನಡುವೆ ತೆಂಗಿನ ನಾರಿನ ಹಾಸು ತುಂಬಿಸಿದೆ. ಆದರೂ ಆಟಿ ತಿಂಗಳ ಜೋರು ಮಳೆಯ ಸದ್ದು ಒಳಗೆ ಇಣುಕುತ್ತದೆ. ಆದ್ದರಿಂದ ನಡುರಾತ್ರಿ ಮಳೆ ಹನಿ ಕಡಿಯುವ ಹೊತ್ತಿಗೆ ಮೈಕ್ ತೆರೆಯುತ್ತೇವೆ. ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುವುದರಿಂದ ಮದ್ದಳೆಯನ್ನು ಬಲ್ಬಿನ ಬಿಸಿಗೆ ಹಿಡಿದು, ಎತ್ತರಿಸಿ, ಒಂದು ತುಣುಕು ನುಡಿಸಿ, ಮತ್ತೆ ಹಿಡಿಯಬೇಕು.

ಕಳೆದ ಜುಲೈಯಲ್ಲಿ ಹಾಗೆ ಕುಳಿತಿದ್ದೆವು. ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ದಡದಲ್ಲೇ ಉಳಿದ ಬೋಟುಗಳ ಮೇಲೊಂದು ಚಿತ್ರ. ಮುದುಕರೊಬ್ಬರು ಬಲೆ ಹೆಣೆಯುತ್ತ ಮಾತನಾಡುತ್ತಾರೆ, 70 ಸೆಕೆಂಡ್. ಮದ್ದಳೆಯವರು ತೆರೆ ನೋಡುತ್ತ ಕುಳಿತಿದ್ದರು, ಕೈ ಎತ್ತಲಿಲ್ಲ. ‘ಇಲ್ಲಿ ಅರ್ಥ ನಡೆಯುತ್ತಿದೆ’ ಎಂದರು. ಮಾತು ನಿಂತು, ಮುದುಕರು ಹಲ್ಲಿನಿಂದ ನೂಲು ಕಡಿದಾಗ, ಎಡಗೈಯಲ್ಲಿ ಒಂದೇ ಪೆಟ್ಟು ಹಾಕಿದರು. ಹೊರಗೆ ಮಳೆ ಮತ್ತೆ ಹಿಡಿಯಿತು. ನಾವು ಎರಡನೇ ಸಲ ನುಡಿಸಲಿಲ್ಲ.