ಬ್ರೇಕ್ ಲೈಟ್ ನೋಡಿ ಓಡಿಸುತ್ತಿದ್ದ ಹುಡುಗ

ಲಗೂನಾ ಸೆಕಾ ಟ್ರ್ಯಾಕಿನ ಕಾರ್ಕ್‌ಸ್ಕ್ರೂ ತಿರುವಿನಲ್ಲಿ ಹಿಂದಿನ ಕಾರು ಬಂದು ಗುದ್ದಿದಾಗ ನಾನು ಮೂರನೇ ಸ್ಥಾನದಲ್ಲಿದ್ದೆ. ಐರೇಸಿಂಗ್ ಅನ್ನುವ ಈ ಆನ್‌ಲೈನ್ ಕಂಪ್ಯೂಟರ್ ರೇಸಿನಲ್ಲಿ ಕಾರುಗಳು ಜೋರಾಗಿ ತಾಗಿದರೆ ತಪ್ಪು ಯಾರದೇ ಇರಲಿ, ಇಬ್ಬರ ಲೆಕ್ಕಕ್ಕೂ 4 ಇನ್ಸಿಡೆಂಟ್ ಪಾಯಿಂಟ್, ಅಂದರೆ ದಂಡದ ಅಂಕ, ಬೀಳುತ್ತದೆ. ಮೈಕಿನಲ್ಲಿ ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ಕಡೆಯಿಂದ "ಅಯ್ಯೋ ದೇವ್ರೇ, ಸಾರಿ" ಅಂತ ಒಂದು ಎಳೆಯ ದನಿ. ನಮ್ಮ ಕಡೆಯ ಹುಡುಗ!

ರೇಸ್ ಮುಗಿದ ಮೇಲೆ ಕೇಳಿದೆ: "ಎಲ್ಲಿ ಬ್ರೇಕ್ ಒತ್ತಿದೆಯಪ್ಪಾ?"

"ನಿಮ್ ಬ್ರೇಕ್ ಲೈಟ್ ಹತ್ತಿದ ತಕ್ಷಣ ಒತ್ತಿದೆ ಅಣ್ಣಾ."

ಅವನು ಸುಳ್ಳು ಹೇಳಿರಲಿಲ್ಲ, ಅಜಾಗರೂಕನೂ ಆಗಿರಲಿಲ್ಲ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 40 ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಲೈಟ್ ಕಂಡು ಕಾಲು ಪೆಡಲ್ ಮುಟ್ಟುವಷ್ಟರಲ್ಲಿ ಹತ್ತು ಮೀಟರ್ ದಾಟಿರುತ್ತದೆ. ಮುಂದಿನ ಕಾರು ಗಾಳಿ ಸೀಳಿಕೊಟ್ಟಿದ್ದರಿಂದ ಅವನ ಎಂಎಕ್ಸ್-5 ಕಾರಿಗೆ ವೇಗವೂ ಹೆಚ್ಚು. ಮೇಲಾಗಿ ಕಾರ್ಕ್‌ಸ್ಕ್ರೂಗೆ ಹೋಗುವುದು ಏರುದಾರಿ; ನೆತ್ತಿ ಮುಟ್ಟುವ ತನಕ ತಿರುವು ಕಾಣುವುದೇ ಇಲ್ಲ, ಆಮೇಲೆ ರಸ್ತೆ ಸುಮಾರು 18 ಮೀಟರ್ ಕೆಳಕ್ಕೆ ಬೀಳುತ್ತದೆ. ಕಾಣದ ತಿರುವಿಗೆ ಹೊಸಬ ನಂಬಿದ್ದು ಕಾಣುತ್ತಿದ್ದ ಒಂದೇ ವಸ್ತುವನ್ನು: ನನ್ನ ಬಂಪರ್.

ಅವತ್ತಿನಿಂದ ಯಾರಾದರೂ ಹೊಸಬರು ಕಲಿಸಿ ಅಂದರೆ ಮೊದಲು ಬಾಯಿ ಮುಚ್ಚಿಕೊಂಡು ಅವರ ಹಿಂದೆ ಹತ್ತು ಸುತ್ತು ಓಡಿಸುತ್ತೇನೆ. ಎಲ್ಲಿ ತಡವರಿಸುತ್ತಾರೆ, ಎಲ್ಲಿ ಕಣ್ಣು ತಪ್ಪುತ್ತದೆ ಅನ್ನುವುದು ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ. ಈ ಹುಡುಗನ ಸ್ಕ್ರೀನ್ ಕೂಡ ಹಂಚಿಕೊಳ್ಳಲು ಹೇಳಿದೆ. ಸಣ್ಣ ಮಾನಿಟರ್, ಅದರಲ್ಲಿ ಎಲ್ಲವೂ ಕಾಣಲಿ ಅಂತ ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಕಾಣುವ ನೋಟವನ್ನು, ತುಂಬಾ ಅಗಲ ಇಟ್ಟುಕೊಂಡಿದ್ದ. ಹಾಗಾಗಿ ಪ್ರತಿ ತಿರುವೂ ಇರುವುದಕ್ಕಿಂತ ದೂರ ಕಾಣುತ್ತಿತ್ತು. ಮಾನಿಟರಿನ ಅಳತೆ, ಕಣ್ಣಿಗೂ ಅದಕ್ಕೂ ಇರುವ ದೂರ ಹಾಕಿ ಸರಿಮಾಡಿದೆವು. ಬೈದಿದ್ದರೆ ಇದು ಯಾವತ್ತಾದರೂ ತಿಳಿಯುತ್ತಿತ್ತೇ?

ಆಮೇಲೆ ಕೊಟ್ಟಿದ್ದು ಒಂದೇ ಕೆಲಸ. ರಸ್ತೆ ಪಕ್ಕದಲ್ಲಿ ಅಲುಗದ ಒಂದು ಗುರುತು ಹಿಡಿ, ಮುಂದೆ ಯಾರಿದ್ದರೂ ಅಲ್ಲೇ ಬ್ರೇಕ್. ಹತ್ತಿರದಲ್ಲಿ ಕಾರಿದ್ದರೆ ಇನ್ನೂ ಸ್ವಲ್ಪ ಮೊದಲೇ. ಕಾರು ಹಿಡಿಯಬೇಕಾದ ಗೆರೆ, ಗೇರು, ಟೈರಿನ ಬಿಸಿ, ಯಾವುದನ್ನೂ ಎತ್ತಲಿಲ್ಲ. ಒಂದು ವಾರ ಇದೇ. ಮಾತಾಡುವುದಿದ್ದರೆ ನೇರ ದಾರಿಯಲ್ಲಿ ಮಾತ್ರ, ತಿರುವಿನೊಳಗೆ ಒಂದಕ್ಷರವೂ ಇಲ್ಲ. ಒಂದು ಸಲ ನಾನೇ ತಡೆಯಲಾರದೆ ತಿರುವಿನ ನಡುವೆ "ಬ್ರೇಕ್!" ಅಂತ ಕೂಗಿಬಿಟ್ಟೆ. ಬೆಚ್ಚಿಬಿದ್ದು ಮಣ್ಣಿಗೆ ಇಳಿದ. ಆ ತಪ್ಪು ನನ್ನದೇ ಅಂತ ಅವನಿಗೂ ಹೇಳಿದೆ.

ಅವನು ನಿಧಾನವಾದ, ಸುತ್ತಿಗೆ ಮೊದಲಿಗಿಂತ ಎರಡು ಸೆಕೆಂಡ್. ಬೇಜಾರು ಮಾಡಿಕೊಂಡ. ಆದರೆ ಯಾರಿಗೂ ಗುದ್ದದೆ ಮೂರು ರೇಸ್ ಮುಗಿಸಿದ ಸಂಜೆ ಮೈಕಿನಲ್ಲಿ ಅವನು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಇನ್ನೊಂದು ಬಾಕಿ ಇದೆ. ಕಾರು ಗಿರಕಿ ಹೊಡೆದರೆ ಗಾಬರಿಯಿಂದ ತಕ್ಷಣ ರಸ್ತೆಗೆ ವಾಪಸ್ ನುಗ್ಗುತ್ತಾನೆ. ಬ್ರೇಕ್ ಒತ್ತಿ ಹಿಡಿದು, ಹಿಂದಿನವರೆಲ್ಲ ದಾಟುವ ತನಕ ಕದಲದೆ ನಿಲ್ಲುವುದು ಅವನಿಗಿನ್ನೂ ಬಂದಿಲ್ಲ. ಈ ಭಾನುವಾರ ಖಾಲಿ ಟ್ರ್ಯಾಕಿನಲ್ಲಿ ಬೇಕಂತಲೇ ಇಪ್ಪತ್ತು ಸಲ ಗಿರಕಿ ಹೊಡೆಸುತ್ತೇನೆ.