ಹುಣಸೆ ಉದುರಿಸಿದ ಮೇಲೆಯೇ ಕೆಲಸ ಶುರು

ಮಧುಗಿರಿ ಕಡೆ ನಮ್ಮದೊಂದು ಸಣ್ಣ ಹುಣಸೆ ತೋಪು. ಅಜ್ಜನ ಕಾಲದ ಮರಗಳು, ನೀರು ಗೊಬ್ಬರ ಏನೂ ಕೇಳಿದವಲ್ಲ. ಸುತ್ತಮುತ್ತ ಹೆಚ್ಚಿನವರು ಕಾಯಿ ಕಟ್ಟುತ್ತಿದ್ದಂತೆ ಮರವನ್ನೇ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ನಾನು ಕೊಡುವುದು ಬಿಟ್ಟೆ. ಗುತ್ತಿಗೆ ಹಿಡಿದವರಿಗೆ ಈ ವರ್ಷದ ಹಣ್ಣಷ್ಟೇ ಲೆಕ್ಕ. ಗಳದಲ್ಲಿ ಬಡಿದರೆ ಹಣ್ಣಿನ ಜೊತೆ ಎಳೆ ರೆಂಬೆಯೂ ನೆಲಕ್ಕೆ ಬೀಳುತ್ತದೆ. ಮೇ, ಜೂನಿನಲ್ಲಿ ಹೂವು ಬಿಡುವುದು ಆ ರೆಂಬೆಗಳ ಹೊಸ ಚಿಗುರಿನಲ್ಲೇ.

ಸಂಕ್ರಾಂತಿ ಕಳೆದ ಮೇಲೆ ತೋಪಿನಲ್ಲಿ ಸುತ್ತು ಹಾಕುತ್ತಾ ಕಾಯಿ ನೋಡುತ್ತೇನೆ. ಹಣ್ಣಾಗುತ್ತಾ ತಿರುಳು ಕುಗ್ಗಿ ಸಿಪ್ಪೆಯಿಂದ ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಸದ್ದಾಗಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಪಟ್ಟನೆ ಒಡೆಯಬೇಕು. ತಿರುಳಲ್ಲಿ ಇನ್ನೂ ಹಸಿರು ಕಂಡರೆ ಅದು ದೋರಗಾಯಿ. ಮಕ್ಕಳು ಉಪ್ಪು ಖಾರ ಹಚ್ಚಿ ತಿನ್ನಲಿ, ಕಣಕ್ಕೆ ಬೇಡ. ಬೀಜದಿಂದ ಹುಟ್ಟಿದ ಮರಗಳಾದ್ದರಿಂದ ಒಂದರ ಹುಳಿ ಇನ್ನೊಂದಕ್ಕಿಲ್ಲ, ಹಣ್ಣಾಗುವ ಹೊತ್ತೂ ಬೇರೆ. ಹಾಗಾಗಿ ಶಿವರಾತ್ರಿಯ ಹಿಂದೆಮುಂದೆ ಒಂದೊಂದೇ ಮರ ಮುಗಿಸಿಕೊಂಡು ಹೋಗುತ್ತೇವೆ.

ಮರ ಹತ್ತುವವರು ಸಿಗುವುದೇ ಈಗ ಕಷ್ಟ. ನಮ್ಮಲ್ಲಿಗೆ ಬರುವ ಹಿರಿಯರೊಬ್ಬರು ಕೊಂಬೆ ಮೇಲೆ ನಿಂತು ಕಾಲಲ್ಲೇ ಅದುಮಿ ಅಲ್ಲಾಡಿಸುತ್ತಾರೆ. ಬೆಳಿಗ್ಗೆ ಅವಸರ ಮಾಡಿದರೆ, "ಇರಿ ಸ್ವಾಮಿ, ಇಬ್ಬನಿ ಆರ್ಲಿ, ಬಿಸ್ಲೇರಿದ್ರೆ ತೊಟ್ಟು ತಾನೇ ಬಿಡ್ತದೆ" ಅಂತಾರೆ. ತುದಿಯಲ್ಲಿ ಉಳಿದದ್ದಕ್ಕೆ ಮಾತ್ರ ದೋಟಿ, ಅಂದರೆ ಕೊಕ್ಕೆ ಕಟ್ಟಿದ ಉದ್ದ ಕೋಲು. ಕೆಳಗೆ ಟಾರ್ಪಾಲ್ ಹಾಸುವುದು ಕಡ್ಡಾಯ, ತಿರುಳಿಗೆ ಮಣ್ಣು ಅಂಟಿದರೆ ಮತ್ತೆ ಬಿಡುವುದಿಲ್ಲ.

ನಿಜವಾದ ಖರ್ಚು ಕಣದಲ್ಲಿ. ಸಿಪ್ಪೆ ಸಮೇತ ಚೆನ್ನಾಗಿ ಬಿಸಿಲು ಕಾಯಿಸಿ, ಮರದ ಕೊಡತಿಯಲ್ಲಿ ಹಗುರವಾಗಿ ತಟ್ಟಿದರೆ ಸಿಪ್ಪೆ ಚೂರಾಗುತ್ತದೆ. ತೊಟ್ಟು ಹಿಡಿದು ಮೆಲ್ಲಗೆ ಎಳೆದರೆ ಬೆನ್ನಿನ ನಾರು ಅದರ ಜೊತೆಗೇ ಬರುತ್ತದೆ. ಜೋರಾಗಿ ಎಳೆದರೆ ತೊಟ್ಟು ಕೈಗೆ, ನಾರು ಹಣ್ಣಲ್ಲೇ. ಆಮೇಲೆ ಬೀಜ. ಒಂದೊಂದೇ ಹಣ್ಣನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಚಿಮ್ಮಿಸಬೇಕು. ನಮ್ಮೂರ ಹೆಂಗಸರು ಮಾತಾಡುತ್ತಲೇ ಕುಟ್ಟುತ್ತಾರೆ, ಬೆರಳಿಗೆ ಏಟು ಬಿದ್ದದ್ದು ನಾನು ಕಂಡಿಲ್ಲ. ಆದರೆ ಹುಳಿಗೆ ಬೆರಳ ಸಂದಿ ಸುಡುತ್ತದೆ, ಅದಕ್ಕೆ ಕೂರುವ ಮುಂಚೆ ಹರಳೆಣ್ಣೆ ಸವರಿಕೊಳ್ಳುತ್ತಾರೆ. ಕೂಲಿ ಕೆಜಿ ಲೆಕ್ಕ. ನೂರು ಕೆಜಿ ಹಣ್ಣಿಗೆ ತಿರುಳು ಸುಮಾರು 55 ಕೆಜಿ, ಬೀಜ 34, ಉಳಿದದ್ದು ಸಿಪ್ಪೆ ನಾರು. ಈ ಲೆಕ್ಕ ಗೊತ್ತಿಲ್ಲದೆ ಮರ ನೋಡಿ ದುಡ್ಡು ಎಣಿಸಬಾರದು. ಬೀಜವನ್ನೂ ಎಸೆಯುವುದಿಲ್ಲ, ಅದರ ಪುಡಿ ನೂಲಿಗೆ ಗಂಜಿ ಹಾಕಲು ಹೋಗುತ್ತದೆ.

ತಿರುಳು ಕೆಂಪಗಿದ್ದಷ್ಟೂ ತುಮಕೂರಿನ ಎಪಿಎಂಸಿಯಲ್ಲಿ ಬೆಲೆ. ಇಟ್ಟಷ್ಟೂ ಕಪ್ಪಾಗುತ್ತದೆ, ಅದಕ್ಕೇ ದೊಡ್ಡ ವ್ಯಾಪಾರಿಗಳು ಶೀತಲ ಗೋದಾಮಿನಲ್ಲಿಡುವುದು. ಮನೆಗೆ ನಾನು ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ಅದುಮುತ್ತೇನೆ, ಅಲ್ಯೂಮಿನಿಯಂ ಪಾತ್ರೆ ಹತ್ತಿರ ಸುಳಿಯಬಾರದು. ಯುಗಾದಿಯ ಹೋಳಿಗೆ ಸಾರಿಗೆ ಹೊಸ ಹುಣಸೆಯ ಹುಳಿಯೇ ಹುಳಿ, ಸಾರು ಕಪ್ಪಾಗುವುದಿಲ್ಲ.

ಕುಟ್ಟುವವರು ಸಿಗದ ವರ್ಷ ಸಿಪ್ಪೆ ತೆಗೆದು ಬೀಜ ಸಮೇತವೇ ಮಾರುತ್ತೇನೆ. ಬೆಲೆ ಕಡಿಮೆ, ಆದರೂ ಮಾರ್ಚಿನ ಅಕಾಲ ಮಳೆಗೆ ಕಣದಲ್ಲೇ ನೆನೆಯುವುದಕ್ಕಿಂತ ವಾಸಿ.